ಮಹಡಿಯ ಮೇಲಿನ ಪಂಚಾಯತಿ

ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಕಾಲುಗಳು ಸೊರಗಿದವು. ಸಮತಟ್ಟಾದ ನೆಲದಲ್ಲಿ ಎರಡು ಊರುಗೋಲು ಹಿಡಿದು ಯಾರ ಹಂಗೂ ಇಲ್ಲದೆ ಓಡಾಡುತ್ತೇನೆ. ಹಿಂಬದಿಗೆ ಹೆಚ್ಚುವರಿಯಾಗಿ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಬಂಟ್ವಾಳದವರೆಗೂ ಹೋಗಿ ಬರುತ್ತೇನೆ. ಮೆಟ್ಟಿಲು ಹತ್ತುವುದು ಮಾತ್ರ ನನ್ನಿಂದಾಗದು.

ಹೀಗಿರುವ ನಾನು ಗ್ರಾಮ ಪಂಚಾಯತಿಯ ಚುನಾವಣೆಗೆ ನಿಂತೆ, ಗೆದ್ದೂಬಿಟ್ಟೆ. ಸಭೆ ನಡೆಯುವುದು ಮಹಡಿಯ ಮೇಲೆ ಎಂಬುದು ಗೆದ್ದ ಖುಷಿಯಲ್ಲಿ ನೆನಪಿಗೇ ಬಂದಿರಲಿಲ್ಲ.

ಮೊದಲ ಸಭೆಯ ದಿನ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದೆ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಪಕ್ಕದ ವಾರ್ಡಿನ ಸದಸ್ಯರೊಬ್ಬರೂ ಪಂಚಾಯತಿಯ ನೀರಿನ ಪಂಪ್ ಬಿಡುವ ನೌಕರನೂ ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. "ಹೆದರ್ಬೇಡಿ ಅಕ್ಕ, ನಿಮ್ಮದು ಎಂತ ಭಾರ" ಎಂದು ನಗಿಸಲು ನೋಡಿದರು. ಒಳ್ಳೆಯ ಮನಸ್ಸಿನವರೇ. ಆದರೆ ಮೇಲೆ ತಲುಪುವಷ್ಟರಲ್ಲಿ ನಾನು ಏನು ಮಾತಾಡಬೇಕೆಂದು ಬಂದಿದ್ದೆನೋ ಅದೆಲ್ಲ ಮರೆತೇಹೋಗಿತ್ತು.

ತಿಂಗಳು ತಿಂಗಳೂ ಹೀಗೆಯೇ ನಡೆಯಿತು. ಬೀಳುವ ಭಯಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ಅದನ್ನು ಯಾರೊಡನೆಯೂ ಹೇಳಿಕೊಳ್ಳುವಂತಿರಲಿಲ್ಲ. ಪಕ್ಕದ ವಾರ್ಡಿನ ಆ ಸದಸ್ಯರು ತಮ್ಮ ವಾರ್ಡಿಗೇ ಮೊದಲು ನೀರಿನ ಪೈಪು ಬರಬೇಕೆಂದು ಪಟ್ಟು ಹಿಡಿದಾಗ, ನನ್ನ ವಾರ್ಡಿನ ಗುಡ್ಡೆ ಮೇಲಿನ ಮನೆಗಳ ಪರವಾಗಿ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಈಗಷ್ಟೇ ನನ್ನನ್ನು ಎತ್ತಿ ತಂದವರಿಗೆ, ಸಭೆ ಮುಗಿದ ಮೇಲೆ ಮತ್ತೆ ಇಳಿಸಬೇಕಾದವರಿಗೆ ಎದುರು ಮಾತಾಡುವುದು ಹೇಗೆ?

ಅಧ್ಯಕ್ಷೆ ಬೀಡಿ ಕಟ್ಟಿ ಮನೆ ನಡೆಸಿದವರು. ನನ್ನ ಮುಖ ಓದಬಲ್ಲವರು. ಒಂದು ಸಭೆಯಲ್ಲಿ ಅವರೇ ಎದ್ದು, ಕೆಳಗಿನ ಕೋಣೆಯಲ್ಲಿರುವ ಹಳೇ ಪೈಪು, ಕೆಟ್ಟ ಬಲ್ಬುಗಳನ್ನು ಮೇಲೆ ಸಾಗಿಸಿ ಸಭೆಯನ್ನು ಕೆಳಗೇ ನಡೆಸುವ ಎಂದರು. ಎಲ್ಲರೂ ಒಪ್ಪಿದರು. ನಿರ್ಣಯವೂ ಆಯಿತು. ಆಗ ನಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, "ಕಟ್ಟಡದ ಉಪಯೋಗ ಬದಲಾಗ್ತದೆ. ಮೇಲಿನಿಂದ ಒಂದು ಅನುಮತಿ ತೆಗೆದುಕೊಳ್ಳುವ" ಎಂದು ಮೇಲಧಿಕಾರಿಗಳಿಗೆ ಪತ್ರ ಬರೆದರು. ಒಂದು ವರ್ಷ ಕಳೆದರೂ ಉತ್ತರ ಬರಲಿಲ್ಲ. ನಡುವೆ ಒಬ್ಬ ಎಂಜಿನಿಯರ್ ಬಂದು, ಮೇಲಕ್ಕೆ ಇಳಿಜಾರು ದಾರಿ ಕಟ್ಟಬಹುದೋ ಎಂದು ಅಳತೆ ಮಾಡಿ, ಅದಕ್ಕೆ ಅನುದಾನ ಇಲ್ಲವೆಂದು ಹೇಳಿ ಹೋದರು.

ಅದೇ ಸಮಯದಲ್ಲಿ ವಿಧಾನಸಭೆಯ ಅಧಿವೇಶನ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಸೀರೆಗೆ ಫಾಲ್ಸ್ ಹಾಕಿಸಲು ಬಂದ ಹೆಂಗಸು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ಇದು ನಿಮ್ಮದೇ ಸುದ್ದಿ ಅಲ್ವಾ?" ಎಂದಳು. ನಮ್ಮ ಶಾಸಕರು ಪಂಚಾಯತಿಗಳ ಅಧಿಕಾರ, ಅನುದಾನಗಳ ಬಗ್ಗೆ ಮಾತಾಡುತ್ತಿದ್ದರು. ಮಾತು ಚೆನ್ನಾಗಿಯೇ ಇತ್ತು. ಮಧ್ಯದಲ್ಲಿ ಕೈ ಎತ್ತಿ, "ನನ್ನ ಕ್ಷೇತ್ರದಲ್ಲಿ ಒಬ್ಬ ಸದಸ್ಯೆ, ಪಾಪ, ನಡೆಯಲಾಗದವರು. ಅವರನ್ನು ಕುರ್ಚಿಯಲ್ಲಿ ಹೊತ್ತು ಸಭೆಗೆ ತರುತ್ತಾರೆ. ನಾಗರಿಕರಿಗೆ ನಾವು ಕೊಟ್ಟ ಹಕ್ಕು ಇದೇ ಏನು?" ಎಂದರು. ಸದನ ಮೇಜು ಕುಟ್ಟಿತು.

ನನಗೆ ಕಿವಿಯವರೆಗೂ ಬಿಸಿಯಾಯಿತು. ನಾನು ನಡೆಯಲಾಗದವಳಲ್ಲ. ಅವರು ನನ್ನನ್ನು ಕೇಳಿರಲೂ ಇಲ್ಲ. ಆ ವಾರವಿಡೀ ಅಂಗಡಿಗೆ ಬಂದವರೆಲ್ಲ ಮೊದಲು ನನ್ನ ಕಾಲು ನೋಡಿ ಆಮೇಲೆ ಮುಖ ನೋಡಿದರು.

ಆ ಭಾನುವಾರ ಬಂಟ್ವಾಳದಲ್ಲಿ ಒಂದು ಮದುವೆ ಇತ್ತು. ಮದುಮಗಳ ರವಿಕೆಗಳನ್ನು ಹೊಲಿದವಳು ನಾನೇ ಆದ್ದರಿಂದ ನನಗೂ ಕರೆಯಿತ್ತು. ಊಟದ ಹೊತ್ತಿಗೆ ಶಾಸಕರು ಬಂದು ಸಾಲು ಸಾಲಾಗಿ ಕೈಮುಗಿಯುತ್ತಾ ನನ್ನ ಬಳಿಗೂ ತಲುಪಿದರು. ಗುರುತು ಸಿಕ್ಕಿ ನಕ್ಕರು.

"ಅಕ್ಕ, ನಿಮ್ಮ ವಿಷಯ ಸದನದಲ್ಲಿ ಹೇಳಿದ್ದೇನೆ. ನೋಡಿದ್ರಾ?"

"ನೋಡಿದೆ ಸರ್. ನನ್ನನ್ನು ಒಂದು ಮಾತು ಕೇಳಿ ಹೇಳ್ಬಹುದಿತ್ತು."

ಅವರ ನಗು ನಿಂತಿತು. ಜೊತೆಗಿದ್ದವರು ಅವರನ್ನು ಮುಂದೆ ಕರೆದೊಯ್ಯಲು ನೋಡಿದರು. ಆದರೆ ಅವರು ಪಕ್ಕದ ಖಾಲಿ ಕುರ್ಚಿ ಎಳೆದು ಕುಳಿತರು. "ತಪ್ಪಾಯ್ತು. ನಾನು ಒಳ್ಳೆಯದಕ್ಕೇ ಹೇಳಿದ್ದು. ಎಂತ ಹೇಳ್ಬೇಕಿತ್ತು, ನೀವೇ ಹೇಳಿ."

ಹೇಳಿದೆ. "ನನಗೆ ಯಾರ ಕರುಣೆಯೂ ಬೇಡ ಸರ್. ಕೆಳಗೆ ಸಭೆ ಮಾಡುವ ಅಂತ ನಾವೇ ನಿರ್ಣಯ ಮಾಡಿ ಆಗಿದೆ. ಅನುಮತಿಗೆ ಬರೆದು ವರ್ಷ ಆಯ್ತು. ನಮ್ಮದೇ ಕಟ್ಟಡದಲ್ಲಿ ನಾಲ್ಕು ಬೆಂಚು ಕೆಳಗೆ ತರ್ಲಿಕ್ಕೆ ಮೇಲಿನವರನ್ನು ಕೇಳ್ಬೇಕಾ? ಅದನ್ನು ಕೇಳಿ ಅಲ್ಲಿ."

ಅವರು ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು. ಕೇಳುತ್ತಾರೆಂಬ ನಂಬಿಕೆ ನನಗಿರಲಿಲ್ಲ. ನನ್ನ ಮಾತು ಹೆಚ್ಚಾಯಿತೋ ಎಂದು ದಾರಿಯುದ್ದಕ್ಕೂ ಚಿಂತಿಸುತ್ತಲೇ ಮನೆಗೆ ಬಂದೆ.

ಅವರು ಕೇಳಿಯೇಬಿಟ್ಟರು. ಅದೂ ಮರುವಾರವೇ. ನಾನೂ ಅಧ್ಯಕ್ಷೆಯೂ ಅಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದೆವು. ಈ ಸಲ ನನ್ನ ಕಾಲಿನ ಸುದ್ದಿಯಿಲ್ಲ, 'ಪಾಪ' ಇಲ್ಲ. ಪ್ರಶ್ನೆ ಮಾತ್ರ. ಸಚಿವರು ಪಕ್ಕದವರೊಡನೆ ಏನೋ ವಿಚಾರಿಸಿ ಎದ್ದು ನಿಂತರು. "ಪಂಚಾಯತಿ ತನ್ನ ಕಟ್ಟಡದ ಯಾವ ಕೋಣೆಯಲ್ಲಿ ಸಭೆ ನಡೆಸಬೇಕು ಎಂಬುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಅದನ್ನು ಪಂಚಾಯತಿಯೇ ತೀರ್ಮಾನಿಸಬಹುದು." ಸದನದಲ್ಲಿ ನಗು ಎದ್ದಿತು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ವರ್ಷ! ನಮ್ಮ ಕೈಯಲ್ಲೇ ಇದ್ದ ಅಧಿಕಾರಕ್ಕೆ ನಾವೇ ಅರ್ಜಿ ಹಾಕಿ ಕಾದು ಕುಳಿತಿದ್ದೆವು. ಅಧ್ಯಕ್ಷೆ ಮೊದಲು ಬೈದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ನನಗೆ ನಗುವಿನ ಜೊತೆಗೆ ಕಣ್ಣೀರೂ ಬಂತು.

ಪಿಡಿಒ ಪೆಚ್ಚಾಗಿದ್ದರು. "ಬೇಜಾರು ಮಾಡ್ಬೇಡಿ ಅಕ್ಕ. ಕೇಳದೆ ಮಾಡಿದ್ರೆ ನಾಳೆ ನನ್ನ ತಲೆಗೆ ಬರ್ತದೆ, ಕೇಳಿದ್ರೆ ಯಾರೂ ಎಂತ ಹೇಳುದಿಲ್ಲ ಅಂತ ಬರೆದದ್ದು" ಎಂದರು. ಆ ಭಯ ನನಗೂ ಗೊತ್ತಿದ್ದದ್ದೇ. ಎರಡೇ ದಿನದಲ್ಲಿ ಅವರೇ ನಿಂತು ಪೈಪುಗಳನ್ನು ಮೇಲೆ ಸಾಗಿಸಿ, ಕೋಣೆಗೆ ಸುಣ್ಣ ಬಳಿಸಿದರು.

ಕೆಳಗಿನ ಕೋಣೆಯ ಮೊದಲ ಸಭೆಗೆ ಎಲ್ಲರಿಗಿಂತ ಮುಂಚೆ ಹೋಗಿ ಕುಳಿತೆ. ಇನ್ನೂ ತೀರ್ಮಾನವಾಗದೆ ಉಳಿದಿದ್ದ ಪೈಪಿನ ವಿಷಯ ಮತ್ತೆ ಬಂದಾಗ ಗುಡ್ಡೆ ಮೇಲಿನ ಮನೆಗಳವರು ಬೇಸಿಗೆಯಲ್ಲಿ ಎಲ್ಲಿಂದ ನೀರು ಹೊರುತ್ತಾರೆ ಎಂಬುದನ್ನು ನಿಧಾನವಾಗಿ, ಬಿಡದೆ ಹೇಳಿದೆ. ಪಕ್ಕದ ವಾರ್ಡಿನ ಸದಸ್ಯರು ಎದ್ದು ವಾದಿಸಿದರು. ನಾನೂ ಬಿಡಲಿಲ್ಲ. ಕೊನೆಗೆ ಕೈ ಎತ್ತಿಸಿದಾಗ ಅವರ ಕಡೆಯೇ ಹೆಚ್ಚು ಕೈಗಳು ಎದ್ದವು. ನಾನು ಸೋತೆ.

ಹೊರಗೆ ಬರುವಾಗ ಅವರು ಬಾಗಿಲು ಹಿಡಿದು ನಿಂತು, "ಇಷ್ಟು ಸಮಯ ಇದನ್ನೆಲ್ಲ ಹೇಳ್ಲೇ ಇಲ್ಲ ನೀವು ಮಾರಾಯ್ರೆ" ಎಂದರು. "ಇನ್ನು ಹೇಳ್ತೇನೆ" ಎಂದೆ. ಮುಂದಿನ ಹಂತದ ಪೈಪಿಗೆ ನನ್ನ ಜೊತೆ ಕೈ ಎತ್ತುವುದಾಗಿ ಅವರೇ ಮಾತು ಕೊಟ್ಟರು.

ಆ ಮಧ್ಯಾಹ್ನ ಅಂಗಡಿ ತೆರೆಯಲು ಮನಸ್ಸಾಗಲಿಲ್ಲ. ಉಂಡು ಚಾಪೆ ಹಾಸಿ ಮಲಗಿದವಳಿಗೆ ಎಷ್ಟೋ ತಿಂಗಳ ಮೇಲೆ ಗಾಢ ನಿದ್ದೆ ಬಂತು. ಎಚ್ಚರವಾದಾಗ ಹೊರಗೆ ಮೂಡುಬಿದಿರೆಯಿಂದ ಸಂಜೆಯ ಬಸ್ಸು ಬಂದು ನಿಂತಿತ್ತು, ಶಾಲೆ ಮಕ್ಕಳು ಇಳಿಯುತ್ತಿದ್ದರು.