ಭಂಡಾರ ಬಿದ್ದ ಬಿಲ

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಮೇಲೆ, ಮುಧೋಳದಿಂದ ಬೀಳಗಿಯ ಕಡೆಗೆ ಚಾಚಿದ ಕಲ್ಲುಗುಡ್ಡಗಳಲ್ಲಿ ಅರಸರ ಕಾವಲು ತಪ್ಪಿತು. ಕೋವಿ ಇದ್ದವರೆಲ್ಲ ಶಿಕಾರಿಗೆ ಇಳಿದರು. ಚಿಗರಿ ಕಡಿಮೆಯಾದವು, ತೋಳ ಕಡಿಮೆಯಾಗಲಿಲ್ಲ. ಚಿಗರಿ ಸಿಗದ ತೋಳ ಕುರಿಹಟ್ಟಿಗೆ ಬರುತ್ತದೆ. ಒಂದನ್ನು ಒಯ್ದು ಸುಮ್ಮನಾಗುವುದಿಲ್ಲ. ಗಾಬರಿಯಿಂದ ಓಡುವುದನ್ನೆಲ್ಲ ಕಚ್ಚಿ ಕೆಡವುತ್ತದೆ.

ನಾನು ಆಗ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಪರಿಚಯದ ಕುರಿಗಾರನೊಬ್ಬನ ಹಟ್ಟಿಗೆ ತೋಳ ಬಿತ್ತು. ತೋಳದ ಬಿಲ ಸಿಕ್ಕಿದೆ, ಮರಿಗಳಿವೆ ಎಂದು ತಿಳಿದು ನಾನೂ ಅವನು ಮತ್ತು ಉಳಿದ ಕುರಿಗಾರರೊಂದಿಗೆ ಗುಡ್ಡ ಹತ್ತಿದೆ.

ಕುರಿ ಕಳೆದುಕೊಂಡ ಆ ಪರಿಚಯದವನ ಜತೆ ಅವನ ಬೇಟೆನಾಯಿ ಇತ್ತು. ಮರಿ ಹಾಕಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಮೊಲೆ ಜೋತಾಡುತ್ತಿದ್ದವು.

“ಬಾಣಂತಿನ್ಯಾಕ ಕರಕೊಂಡ ಬಂದೀಲೇ?” ಎಂದ ಹಟ್ಟಿಗಳ ಹಿರಿಯ.

“ಮತ್ಯಾವದನ್ನ ತರ್ಲಿ ಯಜ್ಜಾ? ಊರ ನಾಯಿಗೋಳು ರೊಟ್ಟಿ ಕಂಡ್ರ ಅಷ್ಟ ಓಡ್ತಾವ.”

ಎಲ್ಲರೂ ನಕ್ಕರು.

ಬಿಲಕ್ಕೆ ಎರಡು ಬಾಯಿ. ಹೊಗೆ ಹಾಕಿ ಮರಿ ಕೊಲ್ಲುವ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಹಿಂದಿನ ಬಾಯಿಗೆ ಚಪ್ಪಡಿ. ಆಮೇಲೆ ಮುಂದಿನ ಬಾಯಿಗೆ ಕಲ್ಲು ಒಟ್ಟಿ, ಹೊಗೆಗೆ ಒಂದು ಕಿಂಡಿ ಮಾತ್ರ ಬಿಡಬೇಕು. ಕುರಿ ಕಳೆದುಕೊಂಡವನು ಕುರಿಗಾರರ ದೇವರು ಬೀರಪ್ಪನ ಹೆಸರು ಹೇಳಿ ಆ ಕಲ್ಲಿನ ಮೇಲೆ ಅರಿಶಿನದ ಭಂಡಾರ ಎರಚಬೇಕು. ಭಂಡಾರ ಬಿದ್ದ ಮೇಲೆ ಬಿಲದ ಯಾವ ಬಾಯಿಯ ಕಲ್ಲನ್ನೂ ಮತ್ತೆ ಎತ್ತುವಂತಿಲ್ಲ. ಎತ್ತಿದರೆ ಆ ಗುಡ್ಡದ ಎಲ್ಲ ಹಟ್ಟಿಗಳನ್ನೂ ತೋಳ ಬರಿದು ಮಾಡುತ್ತದೆ ಎಂಬುದು ಅವರ ನಂಬಿಕೆ.

ಹಿಂದಿನ ಬಾಯಿ ಅವನ ಪಾಲಿಗೆ ಬಂತು. ಅವನು ಚಪ್ಪಡಿ ಉರುಳಿಸುವ ಹೊತ್ತಿಗೆ ಎದುರಿನ ದಿನ್ನೆಯ ಮೇಲೆ ತಾಯಿತೋಳ ಕಾಣಿಸಿತು. ಅದು ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ. ಎಲ್ಲರ ಕಣ್ಣೂ ಅದರ ಮೇಲೆ. ನಾಯಿಯನ್ನು ಯಾರೂ ನೋಡಲಿಲ್ಲ. ಅವನು ದಿನ್ನೆಯನ್ನೇ ನೋಡುತ್ತ ಚಪ್ಪಡಿ ತಳ್ಳಿದ. ಉಳಿದವರು ಮುಂದಿನ ಬಾಯಿಗೆ ಕಲ್ಲು ಒಟ್ಟಿದ ಮೇಲೆ ಅಲ್ಲಿಗೆ ಬಂದು ಭಂಡಾರ ಎರಚಿದ.

ಆಗ ಒಳಗಿನಿಂದ ಕುಂಯ್‌ಗುಟ್ಟುವ ದನಿ ಬಂತು.

“ಮರಿ ಒದರಾಕತ್ತಾವ,” ಎಂದರು ಯಾರೋ.

ಅವನು ಹಿಂದೆ ತಿರುಗಿ ನಾಯಿಯನ್ನು ಹುಡುಕಿದ. ಕಾಣಲಿಲ್ಲ. ಮರಿಗಳ ದನಿಗೆ ಹಾಲು ತುಂಬಿದ ನಾಯಿ ಹಿಂದಿನ ಬಾಯಿಂದ ಒಳಗೆ ಹೋಗಿತ್ತು.

“ಯಜ್ಜಾ, ನನ್ನ ನಾಯಿರೀ.”

“ಭಂಡಾರ ಹಾಕಿದಾಂವ ನೀನ.”

“ಮನ್ಯಾಗ ಅದರ ಮರಿ ಅದಾವರಿ. ಈಗಷ್ಟ ಕಣ್ಣ ತಗದಾವ.”

ಕಲ್ಲು ತೆಗೆಯಬಹುದಲ್ಲ, ಅರಿಶಿನ ಮತ್ತೆ ಹಾಕಿದರಾಯಿತು ಎಂದೆ ನಾನು.

ಹಿರಿಯ ನನ್ನ ಕಡೆ ತಿರುಗಿದ. “ನೀವು ಬರಕೋರಿ ಸಾಹೇಬ್ರ. ಕುರಿ ನಿಮ್ಮವಲ್ಲ.” ಮತ್ತೆ ಅವನಿಗೆ, “ನಿನಗೊಬ್ಬಗ ಕೆಟ್ಟದ್ದಾಗೂದಿದ್ರ ನಾನ ಎತ್ತತಿದ್ನೆಲೇ. ಎಲ್ಲಾರ ಹಟ್ಟಿ ಐತಿ.”

ಅವನು ಸುತ್ತ ನಿಂತವರ ಮುಖ ನೋಡಿದ. ಒಬ್ಬ ಕೊಡಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ.

ದನಿ ಹತ್ತಿರವಾಯಿತು. ಕಿಂಡಿಯಲ್ಲಿ ನಾಯಿಯ ಉದ್ದನೆಯ ಮೂತಿ ಕಾಣಿಸಿತು. ಅವನ ಗುರುತು ಹಿಡಿದು ನೆಕ್ಕಲು ನಾಲಿಗೆ ಚಾಚಿತು. ಅವನು ಕೈ ಕೊಡಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಘಾಟಿಗೆಂದು ತಂದಿದ್ದ ಒಣಮೆಣಸಿನಕಾಯಿಯನ್ನೆಲ್ಲ ಸೆಗಣಿಯ ಕುಳ್ಳಿನ ಮೇಲೆ ಸುರಿದ.

“ಇಷ್ಟ್ಯಾಕಲೇ?” ಎಂದ ಹಿರಿಯ.

“ಲಗೂ ಮುಗೀಲಿ.”

ಬೆಂಕಿ ಹೊತ್ತಿದ ಕುಳ್ಳನ್ನು ಕೋಲಿನಿಂದ ಕಿಂಡಿಯೊಳಗೆ ತಳ್ಳಿದ. ಮೂತಿ ಹಿಂದೆ ಸರಿಯಿತು, ಮತ್ತೆ ಬಂತು, ಮತ್ತೆ ತಳ್ಳಿದ. ಬೇಗ ಮುಗಿಯಲಿಲ್ಲ. ನಾವೆಲ್ಲ ಕೆಮ್ಮುತ್ತ ಗಾಳಿ ಬರುವ ಕಡೆಗೆ ಸರಿದೆವು. ಅವನು ಸರಿಯಲಿಲ್ಲ. ಒಳಗೆ ಉಗುರು ಕಲ್ಲನ್ನು ಕೆರೆಯುವುದು ನಿಂತ ಮೇಲೆ ಕೋಲು ಕೆಳಗಿಟ್ಟ.

ಹಟ್ಟಿಗೆ ಮರಳಿದಾಗ ನಾಯಿಯ ಮರಿಗಳು ತೆವಳುತ್ತ ಅವನ ಕಾಲಿಗೆ ಬಂದವು. ಅವನ ಕಂಬಳಿಗೆ ಹತ್ತಿದ ಮೆಣಸಿನ ಘಾಟಿಗೆ ಸೀನಿ ಹಿಂದಕ್ಕೆ ಬಿದ್ದವು.

“ನಾಯೆಲ್ಲಿ?” ಎಂದಳು ಹೆಂಡತಿ.

“ತೋಳ ತಿಂತು.”

“ತೋಳದ ಮರಿ?”

“ಅವೂ ಸತ್ತೂ.”

ಅವಳು ಮರಿಗಳಿಗೆ ಕುಡಿಸಲು ಹಾಲು ಕೊಡುವ ಆಡೊಂದನ್ನು ಎಳೆತರಲು ಹೋದಳು.