ಹಾಲಿನ ಕ್ಯಾನಿನಂತೆ ತುಂಬಿದ ಬಾಟಲಿ

ಭಾನುವಾರ ಬೆಳಗ್ಗೆ ನಮ್ಮ ಯಜಮಾನರು ಡೇರಿಗೆ ಹಾಲು ಹಾಕಿ ಬಂದು ಬೈಕ್ ನಿಲ್ಲಿಸುವ ಮೊದಲೇ ನಾನು ಹಿಂದೆ ಹತ್ತಿ ಕೂತೆ. ಸಗಣಿದುಂಬಿಯೂ ನೀರುದುಂಬಿಯೂ ಒಂದೇ ಬಳಗ ಎಂದಾಗ ನನ್ನ ಏಳನೇ ತರಗತಿಯ ಮಕ್ಕಳು ಕಿಸಕ್ಕನೆ ನಕ್ಕಿದ್ದರು. ಸೋಮವಾರ ಎರಡನ್ನೂ ಜೀವಂತ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಸೊರಬ ಬಿಟ್ಟಾಗಿನಿಂದ ಮೈಯೆಲ್ಲ ಸಂಭ್ರಮ.

ಶಿಕಾರಿಪುರದಾಚೆ, ಕೊಯ್ಲಾದ ಜೋಳದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿದ್ದರು. ಹಿಕ್ಕೆ ಇನ್ನೂ ಹಸಿಯಿತ್ತು. ಕಪ್ಪು ದುಂಬಿಯೊಂದು ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಕ್ಕೆಯನ್ನು ಉರುಳಿಸುತ್ತ ಹಿಮ್ಮುಖವಾಗಿ ಓಡುತ್ತಿತ್ತು. ಇನ್ನೊಂದು ದುಂಬಿ ಕಸಿಯುವ ಮೊದಲು, ಬಿಸಿಲಿಗೆ ಒಣಗುವ ಮೊದಲು ಅದನ್ನು ಹೂತಿಡಬೇಕು. ನಾನು ಮಂಡಿಯೂರಿ ಕೂತುಬಿಟ್ಟೆ. ಸೊರಬದಿಂದ ಬಂದೆವು, ಒಂದು ದುಂಬಿ ಬೇಕಿತ್ತು ಎಂದು ಹೊಲದವರನ್ನು ಕೇಳಿದೆ.

"ಇದನ್ನ ನೋಡಾಕ ಸೊರಬದಿಂದ ಬಂದ್ರೇನ್ರೀ?" ಎಂದು ಹೊಲದವರು ನಕ್ಕರು. "ಕುರಿ ನಿಲ್ಸಿದ್ದು ನಾನು, ಗೊಬ್ಬರ ಮಣ್ಣಿಗೆ ಸೇರ್ಸೋವು ಇವು. ಒಂದ್ಯಾಕ್ರೀ, ನಾಕು ಒಯ್ರಿ."

ಒಂದನ್ನೇ ಹಿಕ್ಕೆ ಸಮೇತ ಮಣ್ಣಿನ ಡಬ್ಬಿಗೆ ಹಾಕಿಕೊಂಡು ಅಂಬ್ಲಿಗೊಳ ಜಲಾಶಯಕ್ಕೆ ಹೋದೆವು. ಜೊಂಡಿನ ಬುಡದಲ್ಲಿ ಚಹಾ ಜರಡಿ ಆಡಿಸಿ ಆಡಿಸಿ ಕೈ ಸೋತ ಮೇಲೆ ನೀರುದುಂಬಿ ಸಿಕ್ಕಿತು. ಹಳದಿ ಅಂಚಿನ ನುಣುಪು ಮೈ, ದೋಣಿಯ ಹುಟ್ಟಿನಂಥ ಹಿಂಗಾಲು. ನಾನು ಕೈ ತೊಳೆಯುವಷ್ಟರಲ್ಲಿ ಯಜಮಾನರು ಅದನ್ನು ಬಾಟಲಿಗೆ ಹಾಕಿ ಬ್ಯಾಗಿನಲ್ಲಿಟ್ಟರು.

ವಾಪಸು ಬರುವಾಗ ಮಂಡಕ್ಕಿ, ಮಿರ್ಚಿಗೆಂದು ಅಂಗಡಿಯೊಂದರ ಮುಂದೆ ನಿಂತೆವು. ಬಾಟಲಿ ತೆಗೆದು ನೋಡಿದೆ. ದುಂಬಿ ತಳದಲ್ಲಿ ಅಲ್ಲಾಡದೆ ಬಿದ್ದಿತ್ತು. ಕಂಠಮಟ್ಟ ನೀರು, ಮೇಲೆ ಬಿಗಿ ಮುಚ್ಚಳ.

"ಯಾರ್ರೀ ಹೀಗೆ ತುಂಬಿದ್ದು?"

"ನಾನೇ ಮಾರಾಯ್ತಿ. ಕ್ಯಾನಲ್ಲಿ ಜಾಗ ಬಿಟ್ರೆ ಹಾಲು ಕುಲುಕಿ ಬೆಣ್ಣೆ ಕಟ್ಟುತ್ತಲ್ಲ, ಹಂಗೇ ಹುಳಕ್ಕೂ ಕುಲುಕು ಬೇಡ ಅಂತ."

"ಅದು ಮೀನಲ್ಲ ಕಣ್ರೀ. ಮೇಲೆ ಬಂದು ರೆಕ್ಕೆ ಕೆಳಗೆ ಗಾಳಿ ತುಂಬ್ಕೊಂಡೇ ಮುಳುಗ್ಬೇಕು."

ನನಗೆ ಅಳುವೇ ಬಂತು. ಅರ್ಧ ನೀರು ಚೆಲ್ಲಿ, ಹುಲ್ಲುಕಡ್ಡಿಯಿಂದ ದುಂಬಿಯನ್ನು ಮೇಲಕ್ಕೆತ್ತಿ ಹಿಡಿದೆ. ಮಿರ್ಚಿ ತಣ್ಣಗಾಯಿತು. ಆಮೇಲೆ ಒಂದು ಕಾಲು ಅಲುಗಿತು, ಇನ್ನೊಂದು ಅಲುಗಿತು. ದುಂಬಿ ತನ್ನ ಹಿಂತುದಿಯನ್ನು ನೀರಿನ ಮೇಲಕ್ಕೆ ಚಾಚಿ, ಬೆಳ್ಳಗೆ ಹೊಳೆಯುವ ಗುಳ್ಳೆಯೊಂದನ್ನು ಹೊತ್ತುಕೊಂಡು ಸರ್ರನೆ ಕೆಳಗಿಳಿಯಿತು. ನನ್ನ ಕೂಗಿಗೆ ಅಂಗಡಿಯವರು ಸೌಟು ಹಿಡಿದೇ ಓಡಿಬಂದರು.

ಒಂದು ತನ್ನ ಊಟವನ್ನು ಮಣ್ಣಿಗೆ ಒಯ್ಯುತ್ತದೆ, ಇನ್ನೊಂದು ಉಸಿರನ್ನು ನೀರಿಗೆ. ಮಕ್ಕಳಿಗೆ ಹೇಳಬೇಕಾದ ಪಾಠ ನನಗೆ ಅಲ್ಲೇ ಸಿಕ್ಕಿತು.

ಮುಚ್ಚಳ ತೆಗೆದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಡಬ್ಬಿಯ ದುಂಬಿ ಆಗಲೇ ಹಿಕ್ಕೆ ಸಮೇತ ಮಣ್ಣಿನಲ್ಲಿ ಮಾಯವಾಗಿತ್ತು. ಹಾಲು ಹೊತ್ತಾಗಲೂ ಹಾರಿಸಿಕೊಂಡು ಹೋಗುವ ಯಜಮಾನರು ಅಂದು ಒಂದೊಂದು ಗುಂಡಿಯನ್ನೂ ಬಳಸಿ ಓಡಿಸಿದರು. ಸೊರಬ ಮುಟ್ಟಿದಾಗ ನನ್ನ ಸೀರೆ ನೀರು ಚೆಲ್ಲಿ ತೊಯ್ದು ತೊಪ್ಪೆಯಾಗಿತ್ತು.

"ನಾಳೆ ಸ್ಕೂಲಿಗೆ ನಾನೇ ಬಿಡ್ತೀನಿ" ಎಂದರು. "ಬಸ್ಸಲ್ಲಿ ಕುಲುಕುತ್ತೆ."