ಮಕ್ಕಳು ಹೇಳೋದನ್ನೇ ಬರೆದ ಮಿಸ್

ಬೆಳಗಿನ ಐದೂವರೆ. ವಿಜಯನಗರದ ಪುಟ್ಟ ಬಾಡಿಗೆ ಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಅದಕ್ಕಿಂತ ಜೋರಾಗಿ ವರಲಕ್ಷ್ಮಿ ಮಿಸ್.

"ಅರ್ಧಕ್ಕೆ ಕಾಲು ಸೇರಿದ್ರೆ ಎಷ್ಟ್ರೀ?"

ಗೋಡೆಗೊರಗಿ ಕೂತ ಏಕೈಕ ವಿದ್ಯಾರ್ಥಿ, ಪತಿ ಮುರುಗೇಶ್, ಆಟೊ ಓಡಿಸುವವರು, ಆಕಳಿಸುತ್ತಾರೆ. "ಅರ್ಧ ನಿದ್ದೆ ಆಗಿದೆ ಕಣೇ. ಇನ್ನೊಂದ್ ಕಾಲು ಮಲಗೋಕೆ ಬಿಟ್ರೆ ಮುಕ್ಕಾಲಾದ್ರೂ ಆಗುತ್ತೆ."

ಉತ್ತರ ಸರಿ. ಮಲಗಲು ಮಾತ್ರ ಅನುಮತಿ ಇಲ್ಲ.

ನಲವತ್ತೇಳರ ವರಲಕ್ಷ್ಮಿ ಕುರುಬರಹಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದಾರೆ. ಹೆರಿಗೆ ರಜೆಗೆ ಹೋದ ಮಿಸ್ ಬದಲಿಗೆ ಮೂರು ತಿಂಗಳಿಗೆಂದು ಬಂದವರು. ಆ ಮಿಸ್ ವಾಪಸ್ ಬರಲಿಲ್ಲ, ಇವರು ವಾಪಸ್ ಹೋಗಲಿಲ್ಲ. ದಿನಕ್ಕೆ ಏಳು ಪೀರಿಯಡ್, ನೂರಿಪ್ಪತ್ತು ನೋಟ್‌ಬುಕ್. ಇಲ್ಲದ್ದು ತರಬೇತಿಯ ಸರ್ಟಿಫಿಕೇಟ್. ಜೂನ್ ಒಳಗೆ ಅದು ಬಾರದಿದ್ದರೆ ತರಗತಿ ಬಿಟ್ಟು ಆಫೀಸಿನ ಕೌಂಟರಿಗೆ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿದೆ. ಹಾಗಾಗಿ ಈ ವಯಸ್ಸಿನಲ್ಲಿ ದೂರಶಿಕ್ಷಣ, ಬೆಳಗಾದರೆ ಗಂಡನ ಮುಂದೆ ಪಾಠದ ತಾಲೀಮು.

ಪಕ್ಕದ ಕ್ಲಾಸಿನ ಚೈತ್ರ ಮಿಸ್ ಈ ಕೆಲಸಕ್ಕೆ ಹೆದ್ದಾರಿಯಲ್ಲೇ ಬಂದವರು: ಡಿಗ್ರಿ, ಕಾಲೇಜಿಗೆ ಹೋಗಿ ಎರಡು ವರ್ಷದ ಬಿ.ಎಡ್. ಮಕ್ಕಳ ಮನಶ್ಶಾಸ್ತ್ರ ಬಾಯಿಪಾಠ, ಮಕ್ಕಳ ಗದ್ದಲಕ್ಕೆ ಮಾತ್ರ ಬೆವರು. "ನೀವು ಸುಮ್ನೆ ನಿಂತ್ರೆ ಕ್ಲಾಸು ಗಪ್‌ಚುಪ್ ಮಿಸ್. ನಾನು ಮೇಜು ಕುಟ್ಟಿ ಕುಟ್ಟಿ ಕೈಗೆ ಬೊಬ್ಬೆ ಬಂದಿದೆ!" ಸುಮ್ಮನೆ ನಿಲ್ಲುವುದನ್ನು ವರಲಕ್ಷ್ಮಿ ಕಲಿಸುತ್ತಾರೆ, ಪಾಠಯೋಜನೆ ಬರೆಯುವುದನ್ನು ಚೈತ್ರ.

ಪಾಠಯೋಜನೆಯಲ್ಲಿ ಎಡಕ್ಕೆ ಶಿಕ್ಷಕರ ಪ್ರಶ್ನೆ, ಬಲಕ್ಕೆ ಮಕ್ಕಳ ನಿರೀಕ್ಷಿತ ಉತ್ತರ. ಎಲ್ಲರ ಪುಸ್ತಕದಲ್ಲೂ ಮಕ್ಕಳು ಪಾಠಕ್ಕೆ ಮೊದಲೇ ಪಂಡಿತರು. ವರಲಕ್ಷ್ಮಿ ಬರೆದದ್ದೇ ಬೇರೆ. 'ಒನ್ ಬೈ ತ್ರೀ ದೊಡ್ಡದೋ, ಒನ್ ಬೈ ಫೋರ್ ದೊಡ್ಡದೋ?' ಉತ್ತರ: 'ಫೋರ್ ಮಿಸ್. ಮೂರಕ್ಕಿಂತ ನಾಲ್ಕು ದೊಡ್ಡದು.' ಕೆಳಗೆ: 'ಮಿಸ್, ನೀರು ಕುಡ್ಕೊಂಡ್ ಬರ್ಲಾ?'

ಪರೀಕ್ಷೆಯ ಅಂತಿಮ ಪಾಠದ ದಿನ, ಪಾಠ ನೋಡಿ ಅಂಕ ಕೊಡಲು ತರಗತಿಗೆ ಬಂದ ಪರೀಕ್ಷಕರು ಅದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. "ನಿರೀಕ್ಷಿತ ಅಂದ್ರೆ ಸರಿ ಉತ್ತರ ಕಣಮ್ಮಾ!"

"ನಾನ್ ನಿರೀಕ್ಷೆ ಮಾಡೋದು ಇದೇ ಸಾರ್."

ಪಾಠ ಶುರು. ಪ್ರಶ್ನೆ ಬೀಳುತ್ತಲೇ ಐದನೇ ಕ್ಲಾಸಿನ ಜೀವನ್ ಎದ್ದು ನಿಲ್ಲುತ್ತಾನೆ. "ಒನ್ ಬೈ ಫೋರ್ ಮಿಸ್! ನಾಲ್ಕೇ ದೊಡ್ಡದಲ್ವಾ?" ಹಿಂದಿನ ಬೆಂಚಿನಿಂದ: "ಮಿಸ್, ನೀರು..."

ಪರೀಕ್ಷಕರು ಹುಬ್ಬೇರಿಸುತ್ತಾರೆ. "ಮೊದ್ಲೇ ಹೇಳ್ಕೊಟ್ಟಿದೀರಾ?" ಹೌದೆಂದು ತೀರ್ಮಾನಿಸಿದರೆ ಫೇಲು, ಜೂನ್‌ನಿಂದ ಕೌಂಟರು.

"ಹೇಳ್ಕೊಟ್ಟಿದ್ರೆ ಸರಿಯಾಗೇ ಹೇಳ್ತಿದ್ರಲ್ಲ ಸಾರ್?" ಎಂದವರೇ ಮಿಸ್ ಹುಡುಗನತ್ತ ತಿರುಗುತ್ತಾರೆ. "ಜೀವನ್, ಹೋಟ್ಲಲ್ಲಿ ಒಂದ್ ಲೋಟ ಬಾದಾಮಿ ಹಾಲು. ಒನ್ ಬೈ ತ್ರೀ ಮಾಡ್ಸೋಣ್ವಾ, ಒನ್ ಬೈ ಫೋರಾ?"

"ತ್ರೀ ಮಿಸ್! ಫೋರ್ ಮಾಡಿದ್ರೆ ನಂಗೆ ಬರೀ ನೊರೆ!" ಅರೆಗಳಿಗೆ ನಿಂತು, ತಲೆ ಕೆರೆದು, "ಅಯ್ಯೋ, ಹಂಗಾದ್ರೆ ತ್ರೀನೇ ದೊಡ್ಡದು!"

ಪರೀಕ್ಷಕರು ನಗು ತಡೆಯಲಾಗದೆ ಕೆಮ್ಮುತ್ತಾರೆ. ವರಲಕ್ಷ್ಮಿ ಪಾಸು.

ಸರ್ಟಿಫಿಕೇಟಿಗೆ ಫ್ರೇಮು ಹಾಕಿಸುತ್ತೀರಾ ಎಂದರೆ ಅವರಿಗೆ ನಗು. "ಬೀರುನಲ್ಲಿ ಇರುತ್ತೆ ಬಿಡಿ. ಮುಂದಿನ್ ವರ್ಷ ಈ ಮಕ್ಕಳಿಗೆ ಡೆಸಿಮಲ್ ಬರುತ್ತೆ. ಜೀವನ್ ಅದರಲ್ಲಿ ಏನ್ ತಪ್ಪು ಹೇಳ್ತಾನೋ, ಕೇಳೋಕೆ ನಾನ್ ಅಲ್ಲಿರ್ಬೇಕು, ಅಷ್ಟೇ."